ಹಳೆ ಸಿನಿಮಾ ಕೂಟದಲ್ಲಿ ತಕರಾರು ಎದ್ದರೆ: ಜಗಳ ಬಿಡಿಸುವ ಕೆಲಸದ ಕ್ರಮ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಊರು ಯಾವುದಾದರೂ ಇರಲಿ. ಹಳೆ ಸಿನಿಮಾ ನೋಡಲು ಮೂವತ್ತು ಜನ ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಸೇರತೊಡಗಿದರೆ ಮೂರು ನಾಲ್ಕು ಪ್ರದರ್ಶನದೊಳಗೆ ಎರಡು ಗುಂಪು ತಾನಾಗಿ ಆಗುತ್ತದೆ. ಒಂದು ಗುಂಪಿಗೆ ಯಾವುದೂ ಸರಿ ಬರುವುದಿಲ್ಲ: ಚಿತ್ರ ಮಸುಕು, ಧ್ವನಿ ಕಿರಿಕಿರಿ, ಕತೆ ಹೆಂಗಸರಿಗೆ ಅನ್ಯಾಯ ಮಾಡುತ್ತದೆ, ಬರೀ ಅದೇ ನಟರ ಸಿನಿಮಾ ಹಾಕುತ್ತಾರೆ. ಇನ್ನೊಂದು ಗುಂಪು ಇದೆಲ್ಲವನ್ನೂ ತನ್ನ ಮೇಲೆ ಬಂದ ಆರೋಪ ಎಂದೇ ತಿಳಿದು ಪ್ರತಿಯೊಂದಕ್ಕೂ ಸಮರ್ಥನೆ ಕೊಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಆರು ತಿಂಗಳಲ್ಲಿ ಮೂವತ್ತು ಜನ ಹನ್ನೆರಡಾಗುತ್ತಾರೆ, ಆಮೇಲೆ ಹಾಲ್‌ ಬಾಡಿಗೆಗೂ ದುಡ್ಡು ಹುಟ್ಟುವುದಿಲ್ಲ.

ಜಗಳ ಬೆಳೆಯುವುದು ಅಭಿಪ್ರಾಯ ಬೇರೆ ಇರುವುದರಿಂದಲ್ಲ. ಒಬ್ಬರು ಒಂದರ ಬಗ್ಗೆ ದೂರುತ್ತಿರುತ್ತಾರೆ, ಇನ್ನೊಬ್ಬರು ಬೇರೆ ಯಾವುದನ್ನೋ ಸಮರ್ಥಿಸುತ್ತಿರುತ್ತಾರೆ. "ಈ ಸಿನಿಮಾ ನೋಡೋಕಾಗಲ್ಲ" ಎಂದವರ ಕಣ್ಣಿಗೆ ಬಿದ್ದದ್ದು ಸಿನಿಮಾದ ಕೆಟ್ಟ ಪ್ರತಿ (ಡಿವಿಡಿ, ಫೈಲು). "ಪುಟ್ಟಣ್ಣನವರ ಸಿನಿಮಾಕ್ಕೆ ಹೀಗೆ ಹೇಳ್ತೀರಾ" ಎಂದವರು ಎತ್ತಿಹಿಡಿಯುತ್ತಿರುವುದು ನಿರ್ದೇಶಕರ ಕೆಲಸ. ಇಬ್ಬರ ಮಾತೂ ನಿಜ, ಆದರೆ ಒಂದಕ್ಕೊಂದು ತಾಗುವುದೇ ಇಲ್ಲ. ಹಾಗಾಗಿ ತಕರಾರು ಬಂದ ಕೂಡಲೇ ಅದು ನಾಲ್ಕರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಗೊತ್ತುಮಾಡಿಕೊಳ್ಳಬೇಕು. ಪ್ರತಿಯದೇ, ಪ್ರದರ್ಶನದ್ದೇ, ಸಿನಿಮಾದ್ದೇ, ಅಥವಾ ಆಯ್ಕೆಯದೇ? ಮೊದಲಿನ ಎರಡನ್ನು ಟೇಪು ಹಿಡಿದು ಅಳೆದು ತೀರಿಸಬಹುದು. ಮೂರನೆಯದನ್ನು ಮಾತನಾಡಿಯೇ ತೀರಿಸಬೇಕು. ನಾಲ್ಕನೆಯದು ಚೀಟಿಯಲ್ಲಿ ತೀರುತ್ತದೆ. ಅಳೆಯಬೇಕಾದ್ದನ್ನು ಮತಕ್ಕೆ ಹಾಕುವುದು, ಮಾತನಾಡಬೇಕಾದ್ದನ್ನು ಅಳೆಯಲು ಹೋಗುವುದು, ಕೂಟಗಳು ಒಡೆಯುವುದು ಇಲ್ಲೇ.

ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ: 200 ಪುಟದ ಒಂದು ನೋಟ್‌ಬುಕ್ಕು, 5 ಮೀಟರಿನ ಅಳತೆ ಟೇಪು, ಪ್ರತಿ ಪ್ರದರ್ಶನಕ್ಕೆ ನಲವತ್ತು ಚೀಟಿ, ನಾಲ್ಕೈದು ಪೆನ್ನು. ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ತಾರೀಕು, ಸಿನಿಮಾ, ಪ್ರತಿ ಎಲ್ಲಿಂದ ಬಂತು, ಒಟ್ಟು ಎಷ್ಟು ನಿಮಿಷ ಓಡಿತು, ತಕರಾರು ಏನು, ನಾಲ್ಕರಲ್ಲಿ ಯಾವುದು, ಯಾರು ನೋಡಿಕೊಳ್ಳಬೇಕು, ಮುಂದಿನ ಸಲಕ್ಕೆ ಏನಾಯಿತು ಎಂದು ಬರೆಯಬೇಕು. ಕೊನೆಯ ಕಾಲಂ ಖಾಲಿ ಬಿಡಬೇಡಿ. ದೂರಿದವರು ಮುಂದಿನ ತಿಂಗಳು ಬಂದು ಮೊದಲು ನೋಡುವುದು ಅದನ್ನೇ.

ಮುಖ ಅಗಲವಾಗಿ ಕಾಣುತ್ತದೆ ಎಂಬ ದೂರು

ಅತಿ ಹೆಚ್ಚು ಬರುವ ದೂರು ಇದು. ಸಮರ್ಥಕರು ಅತಿ ಬೇಗ ತಳ್ಳಿಹಾಕುವುದೂ ಇದನ್ನೇ. "ಆ ಕಾಲದ ನಟರು ಹಾಗೇ ಇದ್ದರು, ಈಗಿನವರ ಹಾಗೆ ಜಿಮ್‌ಗೆ ಹೋಗ್ತಿರಲಿಲ್ಲ" ಎಂದು ನಗುತ್ತಾರೆ. ನಗುವ ಮುಂಚೆ ಅಳೆದು ನೋಡಿ.

ಐವತ್ತು ಅರವತ್ತರ ದಶಕದ ನಮ್ಮ ಸಿನಿಮಾಗಳ ಚೌಕಟ್ಟು 1.37 ಅಗಲಕ್ಕೆ 1 ಎತ್ತರ. ಇವತ್ತಿನ ಪ್ರೊಜೆಕ್ಟರ್‌, ಟಿವಿಗಳದ್ದು 16:9, ಅಂದರೆ 1.78ಕ್ಕೆ 1. ಪರದೆ ಪೂರ್ತಿ ತುಂಬಲಿ ಎಂದು ಯಾರೋ ಬಟನ್‌ ಒತ್ತಿದರೆ ಚಿತ್ರ ಅಡ್ಡಕ್ಕೆ ಎಳೆದುಕೊಳ್ಳುತ್ತದೆ, ಪ್ರತಿ ಮುಖವೂ ಮೂರನೇ ಒಂದು ಪಾಲಿನಷ್ಟು ಅಗಲವಾಗುತ್ತದೆ. ಪತ್ತೆ ಮಾಡುವುದು ಸುಲಭ. ಸಿನಿಮಾದಲ್ಲಿ ಕ್ಯಾಮೆರಾಕ್ಕೆ ನೇರವಾಗಿ ನಿಂತ ದುಂಡು ವಸ್ತು ಬರುವವರೆಗೆ ಓಡಿಸಿ: ಗೋಡೆ ಗಡಿಯಾರ, ಗಾಡಿ ಚಕ್ರ, ಹಣೆಯ ಕುಂಕುಮ. ಅಲ್ಲಿ ನಿಲ್ಲಿಸಿ, ಪರದೆಯ ಹತ್ತಿರ ಹೋಗಿ ಟೇಪು ಹಿಡಿಯಿರಿ. ಗಡಿಯಾರ ಅಡ್ಡಕ್ಕೆ 24 ಇಂಚು, ಉದ್ದಕ್ಕೆ 18 ಇಂಚು ಬಂತೋ, ದೂರು ಸರಿ, ಸಮರ್ಥನೆ ತಪ್ಪು. ಎರಡೂ ಸಮ ಬಂದರೆ ಮುಖ ಇದ್ದದ್ದೇ ಹಾಗೆ. ಟೇಪನ್ನು ದೂರಿದವರ ಕೈಯಲ್ಲೇ ಕೊಟ್ಟು ಅಳೆಸಿ.

ಸರಿಪಡಿಸುವುದು ಎರಡು ಕಡೆ. ಪ್ರೊಜೆಕ್ಟರ್‌ ಮೆನುವಿನಲ್ಲಿ ಆಸ್ಪೆಕ್ಟ್‌ ಎಂಬುದನ್ನು ಆಟೋ ಅಥವಾ 4:3ಕ್ಕೆ ತನ್ನಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ (ಸಿನಿಮಾ ಓಡಿಸುವ ತಂತ್ರಾಂಶ) ಹಾಕಿದ್ದರೆ ಕೀಬೋರ್ಡಿನ 'ಎ' ಕೀ ಒತ್ತುತ್ತಾ ಹೋದರೆ ಒಂದೊಂದೇ ಅನುಪಾತ ಬರುತ್ತದೆ, ಗಡಿಯಾರ ದುಂಡಗಾದಲ್ಲಿ ನಿಲ್ಲಿಸಿ. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಆಗ ಇನ್ನೊಬ್ಬರು "ಪರದೆ ಅರ್ಧ ಖಾಲಿ" ಎಂದು ದೂರುವುದು ಖಂಡಿತ. ಅವರಿಗೆ ಮಾತಿನಲ್ಲಿ ವಿವರಿಸುವುದಕ್ಕಿಂತ ಪಟ್ಟಿ ಬೀಳುವ ಜಾಗಕ್ಕೆ ಎರಡು ಕಡೆ ಕಪ್ಪು ಬಟ್ಟೆಯ ಪರದೆ ಇಳಿಬಿಡಿ. ಖಾಲಿ ಎನಿಸುವ ಭಾವನೆ ಅಲ್ಲಿಗೆ ಹೋಗುತ್ತದೆ. ಝೂಮ್‌ ಮಾಡಿ ತುಂಬಿಸಲು ಮಾತ್ರ ಹೋಗಬೇಡಿ. ಮೇಲೆ ಕೆಳಗೆ ಸೇರಿ ಚಿತ್ರದ ಸುಮಾರು ಕಾಲು ಭಾಗ ಕತ್ತರಿಸಿ ಹೋಗುತ್ತದೆ, ತಲೆಗೂದಲೂ ಪಾದವೂ ಕಾಣುವುದಿಲ್ಲ, ನೃತ್ಯದ ದೃಶ್ಯ ಹಾಳಾಗುತ್ತದೆ.

ಮಸುಕು ಎಂಬ ದೂರು ಬಂದರೆ ಬೆಳಕಿನ ಲೆಕ್ಕ ಹಾಕಿ. ಚಿತ್ರಮಂದಿರದ ಮಾನದಂಡದಲ್ಲಿ ಪರದೆಯ ಮೇಲೆ 14 ಫುಟ್‌-ಲ್ಯಾಂಬರ್ಟ್‌ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕು. 10 ಅಡಿ ಅಗಲದ ಚಿತ್ರಕ್ಕೆ ಎತ್ತರ 7.3 ಅಡಿ, ಅಂದರೆ 73 ಚದರ ಅಡಿ. 73ನ್ನು 14ರಿಂದ ಗುಣಿಸಿದರೆ ಪ್ರೊಜೆಕ್ಟರ್‌ ಚೆಲ್ಲಬೇಕಾದ ಬೆಳಕು 1,022 ಲ್ಯೂಮೆನ್‌. ಹಳೆ ಚೌಕಟ್ಟು ಪ್ರೊಜೆಕ್ಟರಿನ ಅಗಲದಲ್ಲಿ ನೂರಕ್ಕೆ 77ರಷ್ಟನ್ನೇ ಬಳಸುವುದರಿಂದ ಬೇಕಾದದ್ದು 1,330ರ ಹತ್ತಿರ. ಡಬ್ಬದ ಮೇಲೆ ಬರೆದ ಲ್ಯೂಮೆನ್‌ ಕಣ್ಣು ಕುಕ್ಕುವ ಡೈನಮಿಕ್‌ ಮೋಡಿನದ್ದು, ಸಿನಿಮಾ ಮೋಡಿನಲ್ಲಿ ಅರ್ಧದಷ್ಟು ಸಿಕ್ಕರೆ ಪುಣ್ಯ. ಹಾಗಾಗಿ ಕತ್ತಲೆ ಹಾಲ್‌ನಲ್ಲಿ 3,000 ಲ್ಯೂಮೆನ್‌ ಎಂದು ಬರೆದಿರುವ ಪ್ರೊಜೆಕ್ಟರ್‌ ಸಾಕು. ಹಾಲ್‌ ಕತ್ತಲೆಯಾಗದಿದ್ದರೆ ಯಾವ ಪ್ರೊಜೆಕ್ಟರೂ ಸಾಲದು. ಕಪ್ಪು-ಬಿಳುಪು ಸಿನಿಮಾದಲ್ಲಿ ಕಪ್ಪು ಎಂದರೆ ಬೆಳಕೇ ಬೀಳದ ಜಾಗ. ಕಿಟಕಿಯಿಂದ ಬೆಳಕು ಬಂದರೆ ಅದು ಬೂದಿ ಬಣ್ಣವಾಗುತ್ತದೆ. ಹೊಸ ಪ್ರೊಜೆಕ್ಟರಿಗೆ ಚಂದಾ ಎತ್ತುವ ಮೊದಲು ಕಿಟಕಿಗೆ ದಪ್ಪ ಬಟ್ಟೆ ಹೊಲಿಸಿ.

ಕೊಡಗಿನಲ್ಲಿ ಮಸುಕಿಗೆ ಇನ್ನೊಂದು ಕಾರಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ಪ್ರೊಜೆಕ್ಟರಿನ ಲೆನ್ಸಿಗೂ ಡಿವಿಡಿಗಳಿಗೂ ಬೂಷ್ಟು ಹಿಡಿಯುತ್ತದೆ. ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿದರೆ ಜೇಡರ ಬಲೆಯಂತೆ ಸಣ್ಣ ಎಳೆಗಳು ಕಾಣುತ್ತವೆ. ಪ್ರೊಜೆಕ್ಟರನ್ನು ಹಾಲ್‌ನ ಬೀರುವಿನಲ್ಲಿ ಬಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್‌ ಡಬ್ಬದಲ್ಲಿ ಸಿಲಿಕಾ ಜೆಲ್‌ ಹಾಕಿ, ಒಲೆ ಉರಿಯುವ ಮನೆಯಲ್ಲಿ, ಹೊಗೆ ತಾಗದ ಜಾಗದಲ್ಲಿಡಿ. ಬಣ್ಣ ಬದಲಿಸುವ ಜೆಲ್‌ ತಂದರೆ ಯಾವಾಗ ಒಣಗಿಸಬೇಕೆಂದು ನೋಡಿದರೇ ತಿಳಿಯುತ್ತದೆ.

ಧ್ವನಿ ಹೀಗಿರಲಿಲ್ಲ ಎನ್ನುವವರು

ವಯಸ್ಸಾದ ಸದಸ್ಯರೊಬ್ಬರು ಎದ್ದು "ಪಿ.ಬಿ. ಶ್ರೀನಿವಾಸ್‌ ಅವರ ಧ್ವನಿ ಇಷ್ಟು ತೆಳು ಇರಲಿಲ್ಲ" ಎಂದರೆ, ಕಿವಿ ಮಂದವಾಗಿದೆ, ನೆನಪು ಮಾಸಿದೆ ಎಂದು ಹುಡುಗರು ಪಕ್ಕಕ್ಕೆ ಸರಿಸುತ್ತಾರೆ. ಅಜ್ಜನ ಮಾತೇ ಸರಿಯಿರುವ ಸಾಧ್ಯತೆ ಬಹಳ ಹೆಚ್ಚು.

ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ನಮ್ಮಲ್ಲಿ ಮಾರಾಟವಾದ ಪಾಲ್‌ ಎಂಬ ಟಿವಿ ಪದ್ಧತಿಯ ವಿಸಿಡಿ, ಡಿವಿಡಿಗಳು 25 ಓಡಿಸುತ್ತವೆ. ಎಷ್ಟೋ ಸಲ 24ನ್ನು ಹಾಗೇ 25ಕ್ಕೆ ಓಡಿಸಿ ಮುದ್ರಿಸಿದ್ದಾರೆ. ಸಿನಿಮಾ ನೂರಕ್ಕೆ 4ರಷ್ಟು ವೇಗವಾಗುತ್ತದೆ, ಹಾಡಿನ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಮೇಲೇರುತ್ತದೆ. ಗಂಭೀರ ಗಂಡು ಧ್ವನಿ ತೆಳುವಾಗುವುದು ಇದರಿಂದ.

ಇದರ ಜೊತೆಗೇ "ಒಂದು ದೃಶ್ಯ ಕತ್ತರಿಸಿದ್ದಾರೆ" ಎಂಬ ದೂರೂ ಬರುತ್ತದೆ. ಎರಡಕ್ಕೂ ಒಂದೇ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಸಿನಿಮಾದ ಶುರುವಿಗೆ ಬರುವ ಸೆನ್ಸಾರ್‌ ಪ್ರಮಾಣಪತ್ರವನ್ನು ನಿಲ್ಲಿಸಿ ಓದಿ. ಅದರಲ್ಲಿ ಉದ್ದ ಮೀಟರಿನಲ್ಲಿ, ಇನ್ನೂ ಹಳೆಯದಾದರೆ ಅಡಿಯಲ್ಲಿ ಇರುತ್ತದೆ. 35 ಎಂ.ಎಂ. ಫಿಲ್ಮ್‌ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್‌ ಓಡುತ್ತದೆ. ಪ್ರಮಾಣಪತ್ರದಲ್ಲಿ 4,110 ಮೀಟರ್‌ ಎಂದಿದ್ದರೆ 27.4ರಿಂದ ಭಾಗಿಸಿ: 150 ನಿಮಿಷ. ನಿಮ್ಮ ಡಿವಿಡಿ 144 ನಿಮಿಷ ಓಡಿದರೆ 150ನ್ನು 144ರಿಂದ ಭಾಗಿಸಿ, 1.04 ಬರುತ್ತದೆ. ಹಾಗೆ ಬಂದರೆ ಬಹುಮಟ್ಟಿಗೆ ಯಾವ ದೃಶ್ಯವೂ ಹೋಗಿಲ್ಲ, ವೇಗ ಮಾತ್ರ ಹೆಚ್ಚಾಗಿದೆ. 131 ನಿಮಿಷ ಓಡಿದರೆ ಸುಮಾರು ಹದಿಮೂರು ನಿಮಿಷದ ಸಿನಿಮಾ ನಿಜಕ್ಕೂ ಕಾಣೆಯಾಗಿದೆ. ಟಿವಿಯಿಂದ ಹಿಡಿದ ಪ್ರತಿಗಳಲ್ಲಿ ಮೊದಲು ಹಾರಿಹೋಗುವುದು ಹಾಡುಗಳು ಮತ್ತು ಹಾಸ್ಯದ ಭಾಗ, ಹುಡುಕುವುದಾದರೆ ಅಲ್ಲಿ ಹುಡುಕಿ. ಈ ಲೆಕ್ಕವನ್ನು ಪ್ರದರ್ಶನದ ಹಿಂದಿನ ದಿನವೇ ಮಾಡಿ, "ಈ ಪ್ರತಿಯಲ್ಲಿ ಇಷ್ಟು ನಿಮಿಷ ಕಡಿಮೆ ಇದೆ" ಎಂದು ಮೊದಲೇ ಹೇಳಿ. ಮೊದಲೇ ಹೇಳಿದರೆ ಮಾಹಿತಿಯಾಗುತ್ತದೆ. ಆಮೇಲೆ ಒಪ್ಪಿಕೊಂಡರೆ ಅದೇ ಹುಳುಕಾಗಿ ಕಾಣುತ್ತದೆ.

ವೇಗ ಸರಿಮಾಡಲು ವಿಎಲ್‌ಸಿಯಲ್ಲಿ ವೇಗವನ್ನು 0.96ಕ್ಕೆ ಇಳಿಸಿ. ಇಷ್ಟಕ್ಕೇ ಬಿಟ್ಟರೆ ಶ್ರುತಿ ಇಳಿಯುವುದಿಲ್ಲ, ಏಕೆಂದರೆ ಆ ತಂತ್ರಾಂಶ ವೇಗ ಬದಲಾದರೂ ಶ್ರುತಿಯನ್ನು ಹಾಗೇ ಹಿಡಿದಿಡುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ ಆಡಿಯೋ ಭಾಗದಲ್ಲಿ ಟೈಮ್‌-ಸ್ಟ್ರೆಚಿಂಗ್‌ ಎಂಬ ಗುರುತನ್ನು ತೆಗೆಯಿರಿ. ಆಗ ವೇಗವೂ ಶ್ರುತಿಯೂ ಒಟ್ಟಿಗೆ ಇಳಿಯುತ್ತವೆ. ಒಂದು ಹಾಡನ್ನು ಮೊದಲು ಹಾಗೇ, ಆಮೇಲೆ ಇಳಿಸಿ, ಎರಡು ಸಲ ಹಾಕಿ ಕೇಳಿಸಿ. ಆ ಅಜ್ಜನ ಮುಖ ನೋಡಿದರೆ ಸಾಕು, ಬೇರೆ ಪುರಾವೆ ಬೇಡ.

ತುಟಿಗೂ ಮಾತಿಗೂ ತಾಳೆಯಿಲ್ಲ ಎಂದರೆ ಬಾಗಿಲು ಹಾಕುವುದೋ ಕಪಾಳಕ್ಕೆ ಹೊಡೆಯುವುದೋ ಇರುವ ಎರಡು ಮೂರು ದೃಶ್ಯ ನೋಡಿ. ಎಲ್ಲ ಕಡೆ ಒಂದೇ ಅಂತರವಿದ್ದರೆ ತಪ್ಪು ನಿಮ್ಮ ಜೋಡಣೆಯದು. ಬ್ಲೂಟೂತ್‌ ಸ್ಪೀಕರ್‌ ಇದ್ದರೆ ಅದೇ ಕಾರಣ. ಅದು ಧ್ವನಿಯನ್ನು 100ರಿಂದ 250 ಮಿಲಿಸೆಕೆಂಡ್‌ ತಡಮಾಡುತ್ತದೆ, ವಯರ್‌ ಹಾಕಿ. ಉಳಿದ ಚೂರುಪಾರನ್ನು 'ಜೆ', 'ಕೆ' ಕೀಗಳಿಂದ ಸರಿಮಾಡಬಹುದು. ಒಬ್ಬ ನಟರ ಮಾತು ಮಾತ್ರ ತಪ್ಪುತ್ತಿದ್ದರೆ ಅದು ಡಬ್ಬಿಂಗಿನದು, ಅದನ್ನು ಯಾವ ಕೀಯೂ ಸರಿಮಾಡದು.

ಹಳೆ ಸಿನಿಮಾದ ಧ್ವನಿ ಒಂದೇ ವಾಹಿನಿಯದು, ಮೋನೋ. ಹಾಲ್‌ನ ಎರಡು ಮೂಲೆಗೆ ಎರಡು ಡಬ್ಬ ಇಟ್ಟು ಜೋರು ಮಾಡುವುದರಿಂದ ಮಾತು ಇನ್ನಷ್ಟು ಕಲಸಿಹೋಗುತ್ತದೆ. ಒಂದೇ ಸ್ಪೀಕರನ್ನು ಪರದೆಯ ಕೆಳಗೆ ನಡುವಿನಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಇಡಿ. ಧ್ವನಿ ಹೊಂದಿಸುವ ಈಕ್ವಲೈಸರ್‌ನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 8,000ಕ್ಕಿಂತ ಮೇಲಿನದನ್ನೂ ಇಳಿಸಿ, ಗುಂಯ್‌ ಎನ್ನುವುದೂ ಸುಯ್‌ ಎನ್ನುವುದೂ ಹೋಗುತ್ತವೆ. 2,000ದಿಂದ 3,000ದ ನಡುವೆ 2–3 ಡೆಸಿಬೆಲ್‌ ಏರಿಸಿ, ವ್ಯಂಜನ ಸ್ಪಷ್ಟವಾಗುತ್ತದೆ. ಶೀಟಿನ ಮಾಡಿನ ಮೇಲೆ ಕಕ್ಕಡ ತಿಂಗಳ ಮಳೆ ಬೀಳುತ್ತಿದ್ದರೆ ಮಾತ್ರ ಇದು ಯಾವುದೂ ನಡೆಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಕಾಂಕ್ರೀಟ್‌ ಮಾಡಿನ ಹಾಲ್‌ ಹಿಡಿಯಿರಿ, ಇಲ್ಲದಿದ್ದರೆ ಆ ಎರಡು ತಿಂಗಳು ಬಿಡಿ.

ಕರೆಂಟು ಹೋಗುವುದಂತೂ ಇದ್ದದ್ದೇ. ಪ್ರೊಜೆಕ್ಟರ್‌ 300 ವ್ಯಾಟ್‌, ಲ್ಯಾಪ್‌ಟಾಪ್‌ 65, ಸ್ಪೀಕರ್‌ 150, ಒಟ್ಟು 515. 150 ಎ.ಎಚ್‌.ನ 12 ವೋಲ್ಟ್‌ ಬ್ಯಾಟರಿಯಿಂದ ನಿಜವಾಗಿ ಸಿಗುವುದು ಸುಮಾರು 1,100 ವ್ಯಾಟ್‌-ಅವರ್‌. ಎರಡು ಗಂಟೆಗೆ ಮುಗಿಯಿತು, ಎರಡೂವರೆ ಗಂಟೆಯ ಸಿನಿಮಾಕ್ಕೆ ಸಾಲದು. ಎರಡು ಬ್ಯಾಟರಿಯ 24 ವೋಲ್ಟ್‌ ಇನ್ವರ್ಟರ್‌ ಹಾಕಿ. ಲ್ಯಾಂಪ್‌ ಪ್ರೊಜೆಕ್ಟರ್‌ ಆದರೆ ಇದು ಕಡ್ಡಾಯ. ದಿಢೀರನೆ ಆರಿದಾಗ ಫ್ಯಾನ್‌ ನಿಲ್ಲುತ್ತದೆ, ಒಳಗಿನ ಬಿಸಿ ಲ್ಯಾಂಪಿನ ಆಯುಸ್ಸು ತಿನ್ನುತ್ತದೆ, ತಣಿಯುವವರೆಗೆ ಮತ್ತೆ ಹೊತ್ತಿಕೊಳ್ಳುವುದೂ ಇಲ್ಲ.

ಬಣ್ಣ ಹಚ್ಚಿದ ಪ್ರತಿ

ಕನ್ನಡದ ಹಳೆ ಸಿನಿಮಾ ಪ್ರಿಯರಲ್ಲಿ ಇದರಷ್ಟು ಬಿಸಿಯಾಗುವ ವಿಷಯ ಇನ್ನೊಂದಿಲ್ಲ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಮತ್ತೆ ತೆರೆಗೆ ಬಂದವು. ಕಪ್ಪು-ಬಿಳುಪಿಗೆ ಎಂದೇ ಬೆಳಕು ಹೊಂದಿಸಿ ತೆಗೆದ ಸಿನಿಮಾಕ್ಕೆ ಬಣ್ಣ ಬಳಿಯುವುದು ಛಾಯಾಗ್ರಾಹಕರಿಗೆ ಮಾಡಿದ ಅಪಚಾರ ಎಂದು ಒಂದು ಪಕ್ಷ. ಬಣ್ಣ ಇದ್ದದ್ದರಿಂದಲೇ ಮಕ್ಕಳು ಬಂದು ಕೂತರು ಎಂದು ಇನ್ನೊಂದು ಪಕ್ಷ. ನಮ್ಮ ಒಲವು ಕಪ್ಪು-ಬಿಳುಪಿನ ಕಡೆಗೇ. ಆದರೆ ಮಕ್ಕಳು ಬಂದು ಕೂತದ್ದು ಸಣ್ಣ ಮಾತಲ್ಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಇಲ್ಲಿ ವಾದಕ್ಕಿಂತ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಒಂದೇ ದೃಶ್ಯದ ಹತ್ತು ನಿಮಿಷವನ್ನು ಎರಡೂ ಪ್ರತಿಯಲ್ಲಿ ಒಂದೇ ಪರದೆಯ ಮೇಲೆ, ಒಂದೇ ಗಾತ್ರದಲ್ಲಿ ಹಾಕಿ. ರಾತ್ರಿಯ ದೃಶ್ಯ ಅಥವಾ ದೀಪದ ಬೆಳಕಿನ ದೃಶ್ಯ ಆರಿಸಿ, ವ್ಯತ್ಯಾಸ ತಿಳಿಯುವುದು ನೆರಳಿನಲ್ಲಿ. ಕಪ್ಪು-ಬಿಳುಪಿನ ಪ್ರತಿ ಹಸಿರು ಅಥವಾ ಹಳದಿ ತಿರುಗಿದ್ದರೆ ಪ್ರೊಜೆಕ್ಟರಿನ ಬಣ್ಣವನ್ನು ಸೊನ್ನೆ ಮಾಡಿ, ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ. ಶಾರ್ಪ್‌ನೆಸ್‌ ತಗ್ಗಿಸಿ, ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಪೂರ್ತಿ ಬಂದ್‌ ಮಾಡಿ, ಅದು ಸಿನಿಮಾವನ್ನು ಧಾರಾವಾಹಿಯಂತೆ ಮಾಡಿಬಿಡುತ್ತದೆ. ಮಧ್ಯಸ್ಥಿಕೆಗೆಂದು ಯಾರಾದರೂ "ಬಣ್ಣದ ಪ್ರತಿಯಲ್ಲೇ ಬಣ್ಣ ಸೊನ್ನೆ ಮಾಡಿದರೆ ಆಯ್ತಲ್ಲ" ಎನ್ನುತ್ತಾರೆ. ಆಗುವುದಿಲ್ಲ. ಬಣ್ಣ ಹಚ್ಚುವ ಮುಂಚೆ ಫಿಲ್ಮಿನ ಕಣ ಅಳಿಸಿ ನುಣುಪು ಮಾಡಿರುತ್ತಾರೆ, ಬೆಳಕು-ನೆರಳಿನ ಮಟ್ಟವೂ ಬದಲಾಗಿರುತ್ತದೆ. ಬಣ್ಣ ತೆಗೆದರೆ ಉಳಿಯುವುದು ಮೂಲವಲ್ಲ.

ಸರಿಯಾದ ಮರುಸ್ಥಾಪನೆ ಎಂದರೇನು ಎಂದು ತೋರಿಸಲು ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಒಳ್ಳೆಯ ಉದಾಹರಣೆ. ಮರುಸ್ಥಾಪಿಸಿದ ಅದರ ಪ್ರತಿ 2024ರಲ್ಲಿ ವೆನಿಸ್‌ ಚಿತ್ರೋತ್ಸವದಲ್ಲಿ ತೆರೆಕಂಡಿತು, ಕಪ್ಪು-ಬಿಳುಪಾಗಿಯೇ. 1934ರ 'ಸತಿ ಸುಲೋಚನ', ಕನ್ನಡದ ಮೊದಲ ವಾಕ್ಚಿತ್ರ, ಇವತ್ತು ಯಾರಿಗೂ ನೋಡಲು ಸಿಗುವುದಿಲ್ಲ. ಬಣ್ಣದ ಜಗಳ ಬಿಸಿಯಾದಾಗ ಈ ಎರಡನ್ನೂ ನೆನಪಿಸಿ. ಪ್ರತಿ ಉಳಿಯಬೇಕು ಎಂಬಲ್ಲಿ ಎರಡೂ ಪಕ್ಷ ಒಂದೇ.

ಸಿನಿಮಾದ ಬಗ್ಗೆಯೇ ತಕರಾರು

ಟೇಪು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದೂರುವವರ ದೋಷ ಒಂದು: ಇಡೀ ಸಿನಿಮಾದ ಮೇಲೆ ಒಂದೇ ಮಾತು ಎಸೆಯುತ್ತಾರೆ. ಸಮರ್ಥಕರ ದೋಷ ಇನ್ನೊಂದು: "ಆ ಕಾಲದಲ್ಲಿ ಹಾಗೇ ಇತ್ತು" ಎಂದು ಬಾಗಿಲು ಹಾಕುತ್ತಾರೆ. ಈ ವಾಕ್ಯದ ನಂತರ ಯಾರೂ ಏನೂ ಹೇಳಲಾಗುವುದಿಲ್ಲ. ಹಾಗಾಗಿ ಅದನ್ನು ಹೇಳಿದವರಿಗೆ ಅಲ್ಲೇ ಒಂದು ಪ್ರಶ್ನೆ ಕೇಳಿ: ಅದೇ ಕಾಲದ ಯಾವ ಸಿನಿಮಾ ಹೀಗಿರಲಿಲ್ಲ? ಒಂದು ಹೆಸರು ಬಂದರೆ ಚರ್ಚೆ ಮತ್ತೆ ತೆರೆದುಕೊಳ್ಳುತ್ತದೆ. 1970ರ 'ಸಂಸ್ಕಾರ' ಆ ಕಾಲದ್ದೇ. ಅದಕ್ಕೆ ಸೆನ್ಸಾರ್‌ ಮೊದಲು ಅನುಮತಿ ನಿರಾಕರಿಸಿತ್ತು, ಆಮೇಲೆ ಅದೇ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆ ಕಾಲದಲ್ಲೂ ಎಲ್ಲರೂ ಒಂದೇ ರೀತಿ ಯೋಚಿಸುತ್ತಿರಲಿಲ್ಲ.

ಚರ್ಚೆಗೆ ನಲವತ್ತು ನಿಮಿಷ ಸಾಕು. ಸಿನಿಮಾ ಮುಗಿದ ಕೂಡಲೇ ಚರ್ಚೆ ಶುರುಮಾಡಬೇಡಿ, ಐದು ನಿಮಿಷ ಕಾಫಿಗೆ ಬಿಡಿ. ಮೊದಲ ಸುತ್ತಿನಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತಿಗೆ ಅವಕಾಶವಿಲ್ಲ. ಒಬ್ಬೊಬ್ಬರು ಒಂದು ದೃಶ್ಯ ಹೆಸರಿಸಿ, ಅದರಲ್ಲಿ ಏನು ಕಂಡಿತು ಎಂದಷ್ಟೇ ಒಂದು ನಿಮಿಷದಲ್ಲಿ ಹೇಳಬೇಕು. ಎರಡನೇ ಸುತ್ತಿನಲ್ಲಿ ದೂರುವವರಿಗೆ ಎರಡು ನಿಮಿಷ. ಉತ್ತರ ಕೊಡುವವರು ಅದೇ ದೃಶ್ಯದ ಬಗ್ಗೆ ಮಾತ್ರ ಮಾತನಾಡಬೇಕು, ಬೇರೆ ದೃಶ್ಯಕ್ಕೆ ಹಾರಬಾರದು. ಮೂರನೆಯದಾಗಿ ಆ ದೃಶ್ಯವನ್ನು ಮತ್ತೆ ಹಾಕಿ, ಮೂರು ನಿಮಿಷ. ಇದಕ್ಕಾಗಿ ಲ್ಯಾಪ್‌ಟಾಪಿನ ಪಕ್ಕ ಕೂತವರು ಸಿನಿಮಾ ಓಡುವಾಗಲೇ ಮುಖ್ಯ ದೃಶ್ಯಗಳ ನಿಮಿಷ ಗುರುತು ಹಾಕಿಕೊಂಡಿರಬೇಕು. "ಮೇಷ್ಟ್ರೇ, ಯಾವ ದೃಶ್ಯ ಅಂತ ಹೇಳಿ, ಈಗಲೇ ಹಾಕ್ತೇನೆ" ಎಂದರೆ ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತದೆ. ನೆನಪಿನಲ್ಲಿದ್ದ ದೃಶ್ಯವೂ ಪರದೆಯ ಮೇಲಿನ ದೃಶ್ಯವೂ ಬೇರೆಯಾಗಿರುವುದು ಎರಡೂ ಪಕ್ಷಕ್ಕೆ ಆಗುತ್ತದೆ.

'ಶರಪಂಜರ' (1971) ತೆಗೆದುಕೊಳ್ಳಿ. ಕೊಡಗಿನವರ ಮನಸ್ಸಿಗೆ ಹತ್ತಿರದ ಸಿನಿಮಾ, ಕೊಡಗಿನ ಕಾವೇರಿಯ ಹಾಡೇ ಅದರಲ್ಲಿದೆ, ನಾಯಕಿಯ ಹೆಸರೂ ಕಾವೇರಿ. ಕಲ್ಪನಾ ಅವರ ಅಭಿನಯ ಅತಿಯಾಯಿತು ಎಂದು ಒಬ್ಬರು ಹೇಳಿದರೆ ಹಾಲ್‌ ಎರಡಾಗುತ್ತದೆ. ಆಗ ಮೊದಲ ಭಾಗದ, ಮದುವೆಯ ಹೊಸತಿನ ಒಂದು ದೃಶ್ಯವನ್ನೂ ಕೊನೆಯ ಭಾಗದ ಒಂದು ದೃಶ್ಯವನ್ನೂ ಒಂದರ ಹಿಂದೆ ಒಂದು ಹಾಕಿ. ಕೈ ಹೇಗೆ ಆಡುತ್ತದೆ, ಮಾತಿನ ವೇಗ ಎಷ್ಟು, ಕಣ್ಣು ಎದುರಿನವರ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಈ ಮೂರನ್ನು ಮಾತ್ರ ನೋಡಲು ಹೇಳಿ. ಅತಿ ಎಂಬುದು ಕೊನೆಯಲ್ಲಿ ಮಾತ್ರ ಇದೆಯೇ, ಮೊದಲಿನಿಂದಲೂ ಇದೆಯೇ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಎರಡೂ ಕಡೆಯವರು ಒಟ್ಟಿಗೆ ಉತ್ತರ ಹುಡುಕಬಹುದು. ಮನೋರೋಗದಿಂದ ಚೇತರಿಸಿಕೊಂಡು ಬಂದ ಹೆಣ್ಣನ್ನು ಸುತ್ತಲಿನವರು ನಡೆಸಿಕೊಳ್ಳುವ ಬಗೆಗೆ ಕೋಪ ಬಂದವರು ಆ ಕೋಪವನ್ನು ಸಿನಿಮಾದ ಮೇಲೆ ತಿರುಗಿಸುವುದುಂಟು. ಸಿನಿಮಾ ಆ ಸಮಾಜದ ಪರ ನಿಂತಿದೆಯೇ, ಎದುರು ನಿಂತಿದೆಯೇ ಎಂದು ಬಿಡಿಸಿ ಕೇಳಿ.

ಕಾದಂಬರಿ ಓದಿದವರದ್ದು ಬೇರೆಯೇ ದೂರು. 'ನಾಗರಹಾವು' (1972) ಬಂದಾಗ ಕಾದಂಬರಿಕಾರ ತ.ರಾ.ಸು. ಅವರಿಗೇ ಸಿನಿಮಾ ಸಮಾಧಾನ ತಂದಿರಲಿಲ್ಲ. ಹಾಗಿದ್ದಮೇಲೆ ಓದುಗರ ಅಸಮಾಧಾನವನ್ನು ಅಪಚಾರ ಎನ್ನಬೇಕಿಲ್ಲ. ಆದರೆ ಅಲ್ಲಿ ಮೂರು ಕಾದಂಬರಿಗಳು ಸೇರಿ ಒಂದು ಸಿನಿಮಾ ಆಗಿದೆ, ಬಿಟ್ಟದ್ದು ಇದ್ದೇ ಇರುತ್ತದೆ. ಓದಿದವರಿಗೆ ಐದು ನಿಮಿಷ ಪ್ರತ್ಯೇಕವಾಗಿ ಕೊಡಿ. ಏನು ಬಿಟ್ಟಿದೆ ಎಂಬ ಪಟ್ಟಿಯಲ್ಲ, ಬಿಟ್ಟದ್ದರಿಂದ ನಾಯಕ ರಾಮಾಚಾರಿ ಎಲ್ಲಿ ಬೇರೆಯಾದ ಎಂದು ಹೇಳಲಿ.

ಕೊಡಗಿನವರಿಗೇ ವಿಶೇಷವಾದ ಒಂದು ದೂರಿದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು: ಸಿನಿಮಾಗಳಿಗೆ ನಮ್ಮ ಜಿಲ್ಲೆ ಎಂದರೆ ಮಂಜು, ತೋಟ, ಕಿತ್ತಳೆ, ಹಾಡಿಗೊಂದು ಹಿನ್ನೆಲೆ ಅಷ್ಟೇ. ಇಲ್ಲಿನ ಜನರ ಮಾತು ತೆರೆಯ ಮೇಲೆ ಕೇಳುವುದು ಅಪರೂಪ. ಕೊಡವ ತಕ್ಕ್‌, ಅರೆಭಾಷೆ, ಯರವ ಭಾಷೆ ಆಡುವವರು ಕೂತಿರುವ ಹಾಲ್‌ನಲ್ಲಿ "ಅದೇನು ದೊಡ್ಡ ವಿಷಯ" ಎಂದು ಸಮರ್ಥಕರು ಹೇಳಬಾರದು. ಅಂಥ ಸಿನಿಮಾ ಹಾಕುವ ಮೊದಲು ಮೂರು ನಿಮಿಷ ಇದನ್ನೇ ಹೇಳಿ. ಹೊಡೆತ, ಜಾತಿಯ ಅಣಕ ಇರುವ ದೃಶ್ಯಗಳಿಗೂ ಇದೇ ಕ್ರಮ. ಮೊದಲೇ ಹೇಳಿ, ಕತ್ತರಿಸಬೇಡಿ, ಆಮೇಲೆ ಮಾತಿಗೆ ಸಮಯ ಕೊಡಿ. ಕತ್ತರಿಸಿದರೆ ದೂರಿದವರ ಬಳಿ ತೋರಿಸಲು ಏನೂ ಉಳಿಯುವುದಿಲ್ಲ.

ನಮ್ಮ ಕಡೆ ಕಿರಿಯರು ಹಿರಿಯರ ಮುಖದ ಎದುರು "ನೀವು ಹೇಳಿದ್ದು ಸರಿಯಲ್ಲ" ಎನ್ನುವುದಿಲ್ಲ. ಸುಮ್ಮನಿದ್ದು ಮುಂದಿನ ತಿಂಗಳು ಬರುವುದನ್ನೇ ಬಿಡುತ್ತಾರೆ. ಚೀಟಿ ಬೇಕಾಗುವುದು ಇಲ್ಲೇ. ಕಾಫಿಯ ಹೊತ್ತಿನಲ್ಲಿ ಹೆಸರಿಲ್ಲದ ಚೀಟಿಯಲ್ಲಿ ಒಂದು ದೃಶ್ಯ, ಒಂದು ತಕರಾರು ಬರೆಸಿ. ಓದುವವರು ಕೂಟದ ಹಿರಿಯ ಹೆಂಗಸರೊಬ್ಬರಾಗಿದ್ದರೆ ಉತ್ತಮ. "ಅಕ್ಕ ಓದಲಿ" ಎಂದರೆ ಎರಡೂ ಪಕ್ಷ ಧ್ವನಿ ತಗ್ಗಿಸುತ್ತದೆ. ವಾಟ್ಸಾಪ್‌ ಗುಂಪಿನಲ್ಲಿ ಪ್ರದರ್ಶನದ ತಾರೀಕು, ಸಮಯ ಮಾತ್ರ ಇರಲಿ, ಸಿನಿಮಾದ ತಕರಾರು ಹಾಲ್‌ಗೇ ಬರಲಿ. ರಾತ್ರಿ ಹನ್ನೊಂದಕ್ಕೆ ಬರೆದ ಎರಡು ಸಾಲಿನಲ್ಲಿ ದನಿ ಕೇಳಿಸುವುದಿಲ್ಲ, ಪ್ರೀತಿಯಿಂದ ಹೇಳಿದ್ದೂ ಚುಚ್ಚಿದಂತೆ ಓದಿಸಿಕೊಳ್ಳುತ್ತದೆ.

ಆಯ್ಕೆಯ ಜಗಳ

ವರ್ಷದ ಪಟ್ಟಿಯನ್ನು ಜನವರಿಯಲ್ಲಿ ಮಾಡುವುದು ದೊಡ್ಡ ತಪ್ಪು. ಆಗ ಕಾಫಿ ಕೊಯ್ಲು, ತೋಟದವರು ಯಾರೂ ಬರುವುದಿಲ್ಲ. ಪೇಟೆಯವರು ಕೂತು ಪಟ್ಟಿ ಮಾಡುತ್ತಾರೆ, ಮಾರ್ಚಿನಲ್ಲಿ ತೋಟದವರು ಬಂದು "ನಮ್ಮನ್ನು ಕೇಳಿದ್ದು ಯಾರು" ಎನ್ನುತ್ತಾರೆ. ಅವರ ಮಾತು ಸರಿ. ಏಪ್ರಿಲ್‌, ಮೇಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬವಿರುತ್ತದೆ. ಅದು ಮುಗಿದು ಮಳೆ ಹಿಡಿಯುವ ಮೊದಲಿನ ಒಂದು ಭಾನುವಾರ ಪಟ್ಟಿಗೆ ಸರಿಯಾದ ದಿನ. ಪ್ರದರ್ಶನದ ತಾರೀಕು ಹಾಕುವಾಗ ಕೈಲ್‌ಪೊದ್‌, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳ ವಾರಗಳನ್ನು ಬಿಡಿ. ಸಂಜೆ ನಾಲ್ಕಕ್ಕೇ ಶುರುಮಾಡಿ. ಏಳೂವರೆ ದಾಟಿದರೆ ಬಸ್ಸು ಸಿಗದವರೂ, ಆನೆ ಓಡಾಡುವ ದಾರಿಯಲ್ಲಿ ಮನೆ ಇರುವವರೂ ಚರ್ಚೆಗೆ ನಿಲ್ಲುವುದಿಲ್ಲ. ಆಗ ಹತ್ತಿರದ ಮನೆಯವರ ಅಭಿಪ್ರಾಯವೇ ಕೂಟದ ಅಭಿಪ್ರಾಯವಾಗಿಬಿಡುತ್ತದೆ.

ವರ್ಷಕ್ಕೆ ಎಂಟು ಸಿನಿಮಾ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ಮೂರು ಹೆಸರು ಬರೆಯಲಿ, ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ. ಹೆಚ್ಚು ಅಂಕದ ಐದು ಪಟ್ಟಿಗೆ ಸೇರುತ್ತವೆ. ಎರಡು ಜಾಗ ಕನ್ನಡವಲ್ಲದ ಭಾಷೆಗೆ ಮೀಸಲು. ಮಲಯಾಳ ಮಾತಾಡುವ ಸದಸ್ಯರು ನಮ್ಮಲ್ಲಿ ಕಡಿಮೆಯೇನಿಲ್ಲ, 1965ರ 'ಚೆಮ್ಮೀನ್' ಒಮ್ಮೆಯೂ ಬರಲಿಲ್ಲ ಎಂದು ಅವರು ಬೇಸರಪಟ್ಟರೆ ತಪ್ಪಿಲ್ಲ. ಎಂಟನೆಯ ಜಾಗವನ್ನು ವರ್ಷವಿಡೀ ಹೆಚ್ಚು ತಕರಾರು ಎತ್ತಿದವರಿಗೆ ಕೊಡಿ. ನೋಟ್‌ಬುಕ್ಕು ನೋಡಿದರೆ ಅದು ಯಾರೆಂದು ಗೊತ್ತಾಗುತ್ತದೆ. ಸಿನಿಮಾ ಅವರೇ ಆರಿಸಲಿ, ಪ್ರತಿ ಅವರೇ ಹುಡುಕಲಿ, ಮೊದಲ ಹತ್ತು ನಿಮಿಷ ಅವರೇ ಪರಿಚಯಿಸಲಿ. ಇದು ಅವರ ಬಾಯಿ ಮುಚ್ಚಿಸುವ ಉಪಾಯವಲ್ಲ, ಹಾಗೆಂದುಕೊಂಡು ಮಾಡಿದರೆ ಅವರಿಗೆ ತಕ್ಷಣ ತಿಳಿಯುತ್ತದೆ. ಒಳ್ಳೆ ಪ್ರತಿ ಎಲ್ಲಿ ಸಿಗುತ್ತದೆ, ಯಾವ ಹಾಡು ಎಲ್ಲಿ ಕತ್ತರಿಸಿದೆ ಎಂದು ಗೊತ್ತಿರುವವರು ಸಾಮಾನ್ಯವಾಗಿ ಅವರೇ.

ಅನುಮತಿಯ ಬಗ್ಗೆ ಒಂದು ಮಾತು, ಏಕೆಂದರೆ ಈ ತಕರಾರು ಎತ್ತಿದವರನ್ನು ಕೂಟಗಳು ಸುಮ್ಮನೆ ಬೈಯುತ್ತವೆ. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಅದು ಪ್ರಕಟವಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ. 1964ರಲ್ಲಿ ಬಂದ ಸಿನಿಮಾಕ್ಕೆ 2024ರ ಡಿಸೆಂಬರ್‌ 31ರವರೆಗೆ. ಟಿಕೆಟ್‌ ಇಲ್ಲದ ಹವ್ಯಾಸಿ ಸಂಘಗಳಿಗೆ ಕಾನೂನಿನಲ್ಲಿ ಇರುವ ವಿನಾಯಿತಿ ನಾಟಕ, ಸಾಹಿತ್ಯ, ಸಂಗೀತದ ಪ್ರದರ್ಶನಕ್ಕೆ, ಸಿನಿಮಾಕ್ಕಲ್ಲ. ಅವಧಿ ಮುಗಿಯದ ಸಿನಿಮಾ ಹಾಕುವಾಗ ಹಕ್ಕುದಾರರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಆ ಪತ್ರವನ್ನು ನೋಟ್‌ಬುಕ್ಕಿನ ಅದೇ ಪುಟಕ್ಕೆ ಅಂಟಿಸಿ.

ಪ್ರದರ್ಶನದ ದಿನ ಮೂರೂವರೆಗೆ ಹಾಲ್‌ ತೆರೆದ ಕೂಡಲೇ ಹಿಂದಿನ ಪುಟ ತೆಗೆದು ಬಾಗಿಲ ಹತ್ತಿರದ ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ಟೇಪು, ಚೀಟಿ, ಪೆನ್ನು.